ಡಾ. ಇರಾವತಿ ಕರ್ವೆ

ನಮ್ಮ ಮುರಗೂಡದ ಸುತ್ತಿನ ಗಡಿನಾಡಿನಲ್ಲಿ ಕನ್ನಡ, ಮರಾಠಿ ಎರಡೂ ಮಾತುಗಳು ಕಿವಿಗೆ ಬೀಳುತ್ತವೆ. ಕನ್ನಡದಲ್ಲಿ ತಾಯಿಯ ಅಣ್ಣತಮ್ಮಂದಿರಿಗೂ ಗಂಡನ ತಂದೆಗೂ ಮಾವ ಎಂದೇ ಹೆಸರು. ಮರಾಠಿಯಲ್ಲಿ ಗಂಡನ ತಂದೆಗೆ ಸಾಸರಾ ಎಂಬ ಬೇರೆ ಹೆಸರಿದ್ದರೂ ಸೊಸೆಯಂದಿರು ಅವರನ್ನು ಮಾಮಂಜಿ ಎಂದು ಕರೆಯುವ ರೂಢಿಯುಂಟು. ನಾವು ದಿನವೂ ಆಡುವ ಇಂಥ ಮಾತುಗಳಲ್ಲಿ ಸಮಾಜದ ಕಟ್ಟು ಅಡಗಿದೆಯೆಂದು ತೋರಿಸಿಕೊಟ್ಟ ವಿದುಷಿ ಡಾ. ಇರಾವತಿ ಕರ್ವೆ.

ಇವರು 1905ರ ಡಿಸೆಂಬರ್ 15ರಂದು ಬರ್ಮಾ ದೇಶದಲ್ಲಿ ಜನಿಸಿದರು. ಅಲ್ಲಿಯ ಇರಾವತಿ ನದಿಯ ಹೆಸರನ್ನೇ ತಂದೆತಾಯಿಗಳು ಮಗಳಿಗಿಟ್ಟರು. ಏಳನೆಯ ವಯಸ್ಸಿನಲ್ಲಿ ಓದಿಗಾಗಿ ಪುಣೆಗೆ ಬಂದ ಈ ಬಾಲಿಕೆಯನ್ನು ಮುಂದೆ ರ್‍ಯಾಂಗ್ಲರ್ ಪರಾಂಜಪೆ ದಂಪತಿಗಳು ಮನೆಮಗಳಂತೆ ಬೆಳೆಸಿದರು. ನಂಟು ರಕ್ತದಿಂದ ಮಾತ್ರ ಬರುವುದಿಲ್ಲವೆಂಬ ಪಾಠ ಅವರಿಗೆ ಎಳವೆಯಲ್ಲೇ ದೊರೆಯಿತೆನ್ನಬಹುದು. ಮಹರ್ಷಿ ಧೋಂಡೊ ಕೇಶವ ಕರ್ವೆಯವರ ಮಗ ದಿನಕರರು ಇವರ ಪತಿ.

ಉನ್ನತ ಅಭ್ಯಾಸಕ್ಕಾಗಿ ಇರಾವತಿಯವರು ಜರ್ಮನಿಯ ಬರ್ಲಿನ್ನಿಗೆ ಹೋದರು. ಬಿಳಿಯರ ತಲೆಬುರುಡೆಯ ರಚನೆಯಲ್ಲೇ ಅವರ ಹಿರಿಮೆಯ ಗುರುತಿದೆಯೆಂದು ಗುರು ಯೂಜೆನ್ ಫಿಷರ್ ನಂಬಿದ್ದರು. ಇರಾವತಿಯವರು ಬುರುಡೆಗಳನ್ನು ಅಳೆದು ನೋಡಿ, ಅಂಥ ಭೇದ ಕಾಣುವುದಿಲ್ಲವೆಂದು ಬರೆದರು. ಪರದೇಶದಲ್ಲಿ ಗುರುವಿಗೆ ವಿರುದ್ಧ ಬರೆದರೆ ಪದವಿಗೇ ಕುತ್ತು ಬರಬಹುದಿತ್ತು. ಆದರೂ ಕಂಡ ಸತ್ಯವನ್ನು ಅವರು ಮರೆಮಾಚಲಿಲ್ಲ.

1939ರಿಂದ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸೇವೆ ಸಲ್ಲಿಸಿದರು. ಊರೂರು ತಿರುಗಿ, ಬೇರೆಬೇರೆ ಭಾಷೆಗಳ ನಂಟಿನ ಹೆಸರುಗಳನ್ನು ಕಲೆಹಾಕಿ, 1953ರಲ್ಲಿ ಭಾರತದ ಬಂಧುತ್ವವನ್ನು ಕುರಿತ ಮಹಾಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ ದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದರು. ಉತ್ತರದಲ್ಲಿ ಮದುವೆಯಾದ ಹುಡುಗಿ ಅರಿಯದ ಮನೆಗೆ ಹೋಗುತ್ತಾಳೆ. ದಕ್ಷಿಣದಲ್ಲಿ ಅನೇಕ ವೇಳೆ ಸೋದರಮಾವನ ಅಥವಾ ಸೋದರತ್ತೆಯ ಮನೆಯನ್ನೇ ಸೇರುತ್ತಾಳೆ. ಕರ್ನಾಟಕ ದಕ್ಷಿಣ ವಲಯಕ್ಕೂ, ಎರಡೂ ಬಗೆಯ ಪದ್ಧತಿಗಳು ಕೂಡುವ ಮಹಾರಾಷ್ಟ್ರ ಮಧ್ಯ ವಲಯಕ್ಕೂ ಸೇರಿದವು. ನಮ್ಮ ಗಡಿನಾಡಿನ ಮಾಮಂಜಿ ಎಂಬ ಮಾತಿನ ಗುಟ್ಟು ಇಲ್ಲಿದೆ.

ಪರರ ರೂಢಿಯನ್ನು ಅವರು ಹೀಯಾಳಿಸಲಿಲ್ಲ. ತಮ್ಮವರ ದೋಷವನ್ನು ಮುಚ್ಚಿಡಲೂ ಇಲ್ಲ. ವಾರಕರಿಗಳ ಜೊತೆ ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೋದಾಗ, ಒಂದೇ ವಿಠ್ಠಲನ ಭಕ್ತರು ಜಾತಿಗೊಂದು ಪಂಕ್ತಿಯಾಗಿ ಬೇರೆ ಉಣ್ಣುವುದನ್ನು ಕಂಡು ನೊಂದು, ಅದನ್ನು ಬರೆದಿಟ್ಟರು. ಮಹಾಭಾರತದ ಪಾತ್ರಗಳನ್ನು ನಮ್ಮಂತೆಯೇ ಮನುಷ್ಯರೆಂದು ಕಂಡು ಬರೆದ ಯುಗಾಂತ ಗ್ರಂಥಕ್ಕೆ 1968ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. 1970ರ ಆಗಸ್ಟ್ 11ರಂದು ಅವರು ತೀರಿಕೊಂಡರು.

ಅಳೆದು ನೋಡದೆ ಯಾರನ್ನೂ ಕೀಳೆನ್ನಬಾರದು, ಅಳೆದ ಮೇಲೆ ಕಂಡದ್ದನ್ನು ಹೇಳಲು ಅಂಜಬಾರದು. ಇದು ಅವರ ಬಾಳಿನಿಂದ ನಾವು ಕಲಿಯಬೇಕಾದ ನೀತಿ. ಈ ರಜೆಯಲ್ಲಿ ನಾವೂ ಅಜ್ಜಿಯಂದಿರ ಬಳಿ ಕುಳಿತು ನಮ್ಮ ಮನೆತನದ ನಂಟಿನ ಹೆಸರುಗಳನ್ನು ಬರೆದಿಡೋಣ.