ಪಿಯಾನೋ ಮತ್ತು ಪಟ್ಟ

ಮೈಸೂರು ಸಂಸ್ಥಾನದ ಕೊನೆಯ ಅರಸರಾದ ಶ್ರೀ ಜಯಚಾಮರಾಜ ಒಡೆಯರನ್ನು ಕನ್ನಡನಾಡಿನ ಜನ ಬಗೆಬಗೆಯಾಗಿ ಬಲ್ಲರು. ವಿಜಯದಶಮಿಯಂದು ಆನೆಯ ಮೇಲಿನ ಅಂಬಾರಿಯಲ್ಲಿ ಕುಳಿತು ಬರುತ್ತಿದ್ದ ದೊರೆಯೆಂದು ಕೆಲವರು, ರಾಜ್ಯದ ಮೊದಲ ರಾಜ್ಯಪಾಲರೆಂದು ಕೆಲವರು, ವೇದಗಳನ್ನು ಕನ್ನಡಿಸಿ ಅಚ್ಚು ಹಾಕಿಸಿದ ಪುಣ್ಯಾತ್ಮರೆಂದು ಕೆಲವರು ಅವರನ್ನು ನೆನೆಯುತ್ತಾರೆ. ಆದರೆ ಹರೆಯದಲ್ಲಿ ಅವರು ತಮಗಾಗಿ ಬಯಸಿದ್ದುದು ಇವಾವುದನ್ನೂ ಅಲ್ಲ. ದೊಡ್ಡ ಸಭೆಯ ಮುಂದೆ ಒಬ್ಬರೇ ಕುಳಿತು ಪಿಯಾನೋ ನುಡಿಸುವ ಕಲಾವಿದರಾಗಬೇಕೆಂಬುದು ಅವರ ಆಸೆಯಾಗಿತ್ತು. ಆ ಆಸೆ ಕೈಗೂಡಲಿಲ್ಲ. ಅದು ಹೇಗೆ ತಪ್ಪಿಹೋಯಿತು, ತಪ್ಪಿದ ಮೇಲೆ ಅವರು ಏನು ಮಾಡಿದರು ಎಂಬುದು ತಿಳಿಯತಕ್ಕ ಸಂಗತಿ.

ಜಯಚಾಮರಾಜರು 1919ನೆಯ ಜುಲೈ 18ರಂದು ಮೈಸೂರಿನಲ್ಲಿ ಜನಿಸಿದರು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು, ತಾಯಿ ಕೆಂಪು ಚೆಲುವಾಜಮ್ಮಣ್ಣಿಯವರು. ಆಗ ಪಟ್ಟದಲ್ಲಿದ್ದವರು ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರು. ನಾಲ್ವಡಿಯವರ ಅರಮನೆ ನಾದದ ಮನೆಯೇ ಆಗಿತ್ತು. ವೀಣೆ, ಪಿಟೀಲು, ಕೊಳಲು, ಪಿಯಾನೋ ಮೊದಲಾದ ಹಲವು ವಾದ್ಯಗಳನ್ನು ಸ್ವತಃ ಅವರೇ ನುಡಿಸಬಲ್ಲವರಾಗಿದ್ದರು. ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಗಳ ಬ್ಯಾಂಡು ಇತ್ತು. ಕರ್ನಾಟಕ ಸಂಗೀತದ ವಾದ್ಯವೃಂದವೂ ಇತ್ತು. ಒಂದು ಮೊಗಸಾಲೆಯಲ್ಲಿ ತ್ಯಾಗರಾಜರ ಕೃತಿ, ಇನ್ನೊಂದರಲ್ಲಿ ಯೂರೋಪಿನ ಮಹಾಕೃತಿಗಳು. ಇಂಥ ಎರಡು ನಾದಪ್ರವಾಹಗಳ ನಡುವೆ ಬಾಲಕ ಜಯಚಾಮರಾಜರು ಬೆಳೆದರು. ತಂದೆಯವರೂ ಸಂಗೀತಪ್ರಿಯರು. ತಂಗಿ ವಿಜಯಾದೇವಿಯವರಿಗೂ ಅಣ್ಣನಂತೆಯೇ ಪಿಯಾನೋದಲ್ಲಿ ಒಲವು.

ಪಿಯಾನೋ ಎಂಬುದು ನಮ್ಮ ಹಳ್ಳಿಗಳಲ್ಲಿ ಕಾಣಸಿಗುವ ವಾದ್ಯವಲ್ಲ. ಅದರಲ್ಲಿ ಐವತ್ತೆರಡು ಬಿಳಿಯ, ಮೂವತ್ತಾರು ಕಪ್ಪು, ಒಟ್ಟು ಎಂಬತ್ತೆಂಟು ಕೀಲಿಗಳಿರುತ್ತವೆ. ಒಂದೊಂದು ಕೀಲಿಯನ್ನು ಒತ್ತಿದಾಗಲೂ ಒಳಗಿನ ಪುಟ್ಟ ಸುತ್ತಿಗೆಯೊಂದು ಬಿಗಿದ ತಂತಿಗೆ ಬಡಿದು ನಾದ ಹುಟ್ಟುತ್ತದೆ. ಎಡಗೈ ಒಂದು ಹಾದಿ, ಬಲಗೈ ಇನ್ನೊಂದು ಹಾದಿ. ಹತ್ತು ಬೆರಳುಗಳೂ ಬೇರೆ ಬೇರೆ ಕೆಲಸದಲ್ಲಿ ತೊಡಗಿರುತ್ತವೆ. ಬ್ಯಾಂಡಿನಲ್ಲಿ ಒಬ್ಬನು ಒಂದು ಸ್ವರ ತಪ್ಪಿದರೆ ಉಳಿದ ಮೂವತ್ತು ಮಂದಿಯ ನಾದ ಅದನ್ನು ಮುಚ್ಚಿಕೊಳ್ಳಬಹುದು. ತನಿಯಾಗಿ ನುಡಿಸುವವನಿಗೆ ಆ ಆಸರೆಯಿಲ್ಲ. ಅವನು ದಿನಕ್ಕೆ ಐದಾರು ಗಂಟೆಗಳ ಅಭ್ಯಾಸವನ್ನು ವರ್ಷಗಟ್ಟಲೆ ಬಿಡದೆ ನಡೆಸಬೇಕು. ಕೆಲವು ವಾರ ಕೈಬಿಟ್ಟರೂ ಬೆರಳು ಮರೆಯುತ್ತದೆ. ಸಂಪತ್ತಿನಿಂದ ಎಂಥ ಬೆಲೆಬಾಳುವ ಪಿಯಾನೋವನ್ನಾದರೂ ಕೊಳ್ಳಬಹುದು. ಈ ಗಂಟೆಗಳನ್ನು ಮಾತ್ರ ಕೊಳ್ಳಲಾಗದು. ಅರಸುಮಕ್ಕಳಿಗೆ ಎಲ್ಲವೂ ಸುಲಭವೆಂದು ತಿಳಿಯುವವರು ಈ ಮಾತನ್ನು ಗಮನಿಸಬೇಕು.

ಜಯಚಾಮರಾಜರು ಆ ಗಂಟೆಗಳನ್ನು ಕೊಡಲು ಸಿದ್ಧರಾಗಿದ್ದರು. ಕೊಡಲು ಅವಕಾಶವೂ ಇದ್ದಂತೆ ತೋರುತ್ತಿತ್ತು. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ, ಆದುದರಿಂದ ಪಟ್ಟಕ್ಕೆ ಹಕ್ಕುದಾರರು ತಮ್ಮಂದಿರಾದ ನರಸಿಂಹರಾಜ ಒಡೆಯರು. ಅರಸರಿಗೂ ಅವರ ತಮ್ಮನಿಗೂ ಇದ್ದ ವಯಸ್ಸಿನ ಅಂತರ ನಾಲ್ಕು ವರ್ಷ ಮಾತ್ರ. ಇಬ್ಬರೂ ಇನ್ನೂ ಐವತ್ತರ ಆಸುಪಾಸಿನವರು. ಅಣ್ಣನ ಬಳಿಕ ತಮ್ಮ, ತಮ್ಮನ ಬಳಿಕ ಮಗ. ಈ ಸರದಿಯ ಲೆಕ್ಕದಲ್ಲಿ ತರುಣ ರಾಜಕುಮಾರರ ತಲೆಯ ಮೇಲೆ ಕಿರೀಟ ಬರಲು ಬಹಳ ಕಾಲವಿತ್ತು. 1938ರಲ್ಲಿ ಅವರು ಮೈಸೂರಿನ ಮಹಾರಾಜ ಕಾಲೇಜಿನಿಂದ ಪದಕಗಳೊಡನೆ ಪದವೀಧರರಾದರು. ಮರುವರ್ಷ ಯೂರೋಪಿನ ಪ್ರವಾಸ ಕೈಗೊಂಡರು. ಗ್ರಾಮಾಫೋನ್ ತಟ್ಟೆಗಳಲ್ಲಿ ಮಾತ್ರ ಕೇಳಿದ್ದ ಸಂಗೀತದ ತವರುನೆಲವನ್ನು ಅವರು ಕಂಡುದು ಆಗ. ಲಂಡನ್ನಿನಲ್ಲಿ ಹಲವು ಸಂಸ್ಥೆಗಳನ್ನು ಸಂದರ್ಶಿಸಿ, ಕಲಾವಿದರ ಮತ್ತು ವಿದ್ವಾಂಸರ ಪರಿಚಯ ಮಾಡಿಕೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಕಡಲ ಹಾದಿಗಳು ಅಪಾಯದ ಹಾದಿಗಳಾದವು.

ಯುದ್ಧ ಮುಗಿಯುವವರೆಗೆ ಕಾಯಬಹುದಾಗಿತ್ತು. ಆದರೆ 1940ರ ಮಾರ್ಚ್ 11ರಂದು ಯುವರಾಜರು ಮುಂಬಯಿಯಲ್ಲಿ ತೀರಿಕೊಂಡರು. ಸರದಿಯಲ್ಲಿ ಹಿಂದಿದ್ದ ಮಗ ಒಂದೇ ದಿನದಲ್ಲಿ ಮುಂದಕ್ಕೆ ಬಂದಂತಾಯಿತು. ಆ ದುಃಖ ಆರುವ ಮೊದಲೇ, ಆಗಸ್ಟ್ 3ರಂದು, ನಾಲ್ವಡಿಯವರೂ ಬೆಂಗಳೂರಿನ ಅರಮನೆಯಲ್ಲಿ ಕಣ್ಣುಮುಚ್ಚಿದರು. ಐದು ತಿಂಗಳೂ ತುಂಬದ ಅವಧಿಯಲ್ಲಿ ಎರಡು ಸಾವುಗಳು! ಇಪ್ಪತ್ತೊಂದು ತುಂಬಿ ಎರಡು ವಾರವಷ್ಟೇ ಕಳೆದಿದ್ದ ತರುಣನ ಹೆಗಲಿಗೆ ಇಡೀ ಸಂಸ್ಥಾನದ ನೊಗ ಬಿದ್ದಿತು. ಸೆಪ್ಟೆಂಬರ್ 8ರಂದು ಪಟ್ಟಾಭಿಷೇಕ ನಡೆಯಿತು. ಕಚೇರಿಯ ವಾದಕನಾಗುವ ಕನಸು ಅಂದಿಗೆ ಮುಗಿಯಿತು. ದರ್ಬಾರು, ದಿವಾನರೊಡನೆ ಸಮಾಲೋಚನೆ, ಯುದ್ಧಕಾಲದ ಇಕ್ಕಟ್ಟುಗಳು, ಜವಾಬ್ದಾರಿ ಸರ್ಕಾರಕ್ಕಾಗಿ ಏಳುತ್ತಿದ್ದ ಜನರ ಕೂಗು, ಇವುಗಳ ನಡುವೆ ದಿನಕ್ಕೆ ಐದಾರು ಗಂಟೆ ಪಿಯಾನೋದ ಮುಂದೆ ಕುಳಿತುಕೊಳ್ಳುವ ಅರಸನನ್ನು ಯಾವ ಪ್ರಜೆಗಳೂ ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ.

ಹಾಗೆಂದು ಅವರು ವಾದ್ಯವನ್ನು ತೊರೆಯಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿ ಅವರದಾಯಿತು. 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಎಂಬ ಮನ್ನಣೆಯೂ ದೊರೆಯಿತು. ಅರಮನೆಯಲ್ಲಿ ದೊಡ್ಡ ಪಿಯಾನೋಗಳಿದ್ದವು. ಧ್ವನಿಮುದ್ರಿಕೆಗಳ ಭಂಡಾರ ವರ್ಷದಿಂದ ವರ್ಷಕ್ಕೆ ಬೆಳೆಯಿತು. 1950ರ ವೇಳೆಗೆ ಅದರಲ್ಲಿ ಸುಮಾರು ಇಪ್ಪತ್ತು ಸಾವಿರ ತಟ್ಟೆಗಳಿದ್ದುವೆಂದು ಅಂದಾಜು. ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು 1945ರಲ್ಲಿ ಕಟ್ಟಿದ ವಾಲ್ಟರ್ ಲೆಗ್ ಎಂಬ ಧ್ವನಿಮುದ್ರಣ ತಜ್ಞ ಮೈಸೂರಿಗೆ ಬಂದಾಗ ಆ ಭಂಡಾರವನ್ನು ನೋಡಿ ಬೆರಗಾದನು. ಮೂವತ್ತು ವರ್ಷವೂ ತುಂಬದ ಅರಸನೊಬ್ಬ ಯೂರೋಪಿನವರೇ ಮರೆತಿದ್ದ ಸಂಗೀತಗಾರರ ಹೆಸರುಗಳನ್ನು ಹಿಡಿದು ಮಾತನಾಡುವುದನ್ನು ಅವನು ನಿರೀಕ್ಷಿಸಿರಲಿಲ್ಲ.

ಹಾಗೆ ಮರೆಯಾದವರಲ್ಲಿ ಒಬ್ಬರು ನಿಕೊಲಾಯ್ ಮೆಡ್ನರ್. ಮಾಸ್ಕೋದಲ್ಲಿ 1880ರಲ್ಲಿ ಹುಟ್ಟಿದ ಈ ರಷ್ಯನ್ ವಾಗ್ಗೇಯಕಾರರು ಸ್ವತಃ ಉತ್ತಮ ಪಿಯಾನೋ ವಾದಕರು. ಕ್ರಾಂತಿಯ ಬಳಿಕ ದೇಶ ಬಿಟ್ಟು, ಊರೂರು ಅಲೆದು, ಕಡೆಗೆ ಲಂಡನ್ನಿನಲ್ಲಿ ನೆಲೆನಿಂತಿದ್ದರು. ಕಾಲದ ರುಚಿ ಬದಲಾಗಿತ್ತು. ಅವರ ಸಂಗೀತವನ್ನು ಕೇಳುವವರು ವಿರಳ. ಯುದ್ಧ ಅವರ ಅಲ್ಪ ಆದಾಯವನ್ನೂ ಕಿತ್ತುಕೊಂಡಿತ್ತು. ಹೃದಯದ ಬೇನೆಯೂ ಕಾಡುತ್ತಿತ್ತು. ಇಂಥ ವೃದ್ಧರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಬೇಕೆಂದು ಜಯಚಾಮರಾಜರು ಸಂಕಲ್ಪಿಸಿದರು. ಸಾವಿರಾರು ಮೈಲಿ ದೂರದ ಮೈಸೂರಿನಿಂದ ಹಣ ಹೋಯಿತು. ಮೆಡ್ನರ್ ಸೊಸೈಟಿ ಸ್ಥಾಪನೆಯಾಯಿತು. ಪಿಯಾನೋ ಮತ್ತು ವಾದ್ಯವೃಂದಕ್ಕಾಗಿ ಮೆಡ್ನರ್ ರಚಿಸಿದ್ದ ಮೂರು ಮಹಾಕೃತಿಗಳೂ, ಹಲವು ಹಾಡುಗಳೂ, ಇತರ ರಚನೆಗಳೂ ಮುದ್ರಿತವಾದವು. ಮೆಡ್ನರ್ 1951ರ ನವೆಂಬರಿನಲ್ಲಿ ನಿಧನರಾದರು. ಇನ್ನು ಕೆಲವೇ ವರ್ಷ ತಡವಾಗಿದ್ದರೆ ಆ ಕೈಗಳ ನಾದ ಲೋಕಕ್ಕೆ ಉಳಿಯುತ್ತಿರಲಿಲ್ಲ. ತಮ್ಮ ಮೂರನೆಯ ಪಿಯಾನೋ ಕೃತಿಯನ್ನು ಅವರು ಮೈಸೂರಿನ ದೊರೆಗೆ ಅರ್ಪಿಸಿದ್ದಾರೆ. ಸಭೆಯ ಮುಂದೆ ತಾನು ನುಡಿಸಲಾಗದೆ ಹೋದ ವ್ಯಕ್ತಿ, ಸಭೆಗಳು ಕೈಬಿಟ್ಟ ಇನ್ನೊಬ್ಬ ವಾದಕನ ಅಳಲನ್ನು ಬೇಗ ಅರಿತುಕೊಂಡಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಫಿಲ್‌ಹಾರ್ಮೋನಿಯಾ ಕಚೇರಿ ಸಂಘಕ್ಕೆ 1948ರಲ್ಲಿ ಜಯಚಾಮರಾಜರೇ ಮೊದಲ ಅಧ್ಯಕ್ಷರಾದರು. ವಾದ್ಯವೃಂದ ತನ್ನ ಕಾಲಮೇಲೆ ನಿಲ್ಲುವಂತಾಗಲು ವರ್ಷಕ್ಕೆ ಹತ್ತು ಸಾವಿರ ಪೌಂಡುಗಳಂತೆ ಮೂರು ವರ್ಷ ಕೊಡಲು ಅವರು ಒಪ್ಪಿದರು. ಅವರ ಅಪೇಕ್ಷೆಯಂತೆ, ಆಗ ಇನ್ನೂ ಜಗದ್ವಿಖ್ಯಾತರಾಗಿರದ ಹರ್ಬರ್ಟ್ ಕಾರಾಯನ್ ಅವರ ನಿರ್ದೇಶನದಲ್ಲಿ, ಬಲಾಕಿರೆವ್ ಎಂಬ ರಷ್ಯನ್ ಸಂಗೀತಗಾರನ ಸಿಂಫನಿ ಧ್ವನಿಮುದ್ರಿತವಾಯಿತು. ಇನ್ನೊಂದು ಪ್ರಸಂಗ ಇದಕ್ಕಿಂತ ಹೆಚ್ಚು ಮನಸ್ಸಿಗೆ ನಾಟುವಂಥದು. ಜರ್ಮನಿಯ ರಿಚರ್ಡ್ ಸ್ಟ್ರೌಸ್ 1948ರಲ್ಲಿ, ತಮ್ಮ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ವಾದ್ಯವೃಂದದೊಡನೆ ಹಾಡಬೇಕಾದ ಕೊನೆಯ ನಾಲ್ಕು ಗೀತೆಗಳನ್ನು ರಚಿಸಿ ಮರುವರ್ಷ ತೀರಿಕೊಂಡಿದ್ದರು. ಅವು ಮೊದಲ ಬಾರಿಗೆ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕೇಳಿಬಂದವು. ಹಾಡಿದವರು ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್. ವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಈ ಕಚೇರಿಗೆ 4,800 ಡಾಲರುಗಳ ಹೊಣೆ ಹೊತ್ತವರು ಜಯಚಾಮರಾಜ ಒಡೆಯರು. ಆದರೆ ಆ ಸಂಜೆ ಅವರು ಅಲ್ಲಿರಲಿಲ್ಲ. ಗೀತೆಗಳನ್ನು ಮುದ್ರಿಸಿಕೊಂಡು ಮೈಸೂರಿಗೆ ಕಳುಹಿಸಬೇಕೆಂಬುದೇ ಏರ್ಪಾಟು. ಅಂದಿನ ಧ್ವನಿಮುದ್ರಣ, ಸ್ವಚ್ಛವಾಗಿಲ್ಲದಿದ್ದರೂ, ಇಂದಿಗೂ ಉಳಿದಿದೆ.

ಇಷ್ಟೆಲ್ಲ ಹಣ ಹೊರದೇಶದ ಸಂಗೀತಕ್ಕೆ ಏಕೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ಅಲ್ಲಗಳೆಯುವಂತಿಲ್ಲ. ಬಡತನವಿದ್ದ ನಾಡಿನಲ್ಲಿ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಅದೇ ಕಾಲದಲ್ಲಿ ಋಗ್ವೇದವನ್ನು ಸಾಯಣಭಾಷ್ಯದೊಡನೆ ಕನ್ನಡಿಗರ ಕೈಗಿಡುವ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯ ಕೆಲಸವೂ ಅವರ ಆಶ್ರಯದಲ್ಲಿ ನಡೆಯುತ್ತಿತ್ತೆಂಬುದನ್ನು ಜೊತೆಗೆ ನೆನೆಯಬೇಕು.

ಪಿಯಾನೋದಲ್ಲಿ ಅರಳಲಾಗದ ನಾದ ಬೇರೊಂದು ಕಡೆ ದಾರಿ ಹುಡುಕಿಕೊಂಡಿತು. ಆಸ್ಥಾನದ ಹಿರಿಯ ವಾಗ್ಗೇಯಕಾರರಾದ ಮೈಸೂರು ವಾಸುದೇವಾಚಾರ್ಯರ ಬಳಿ ಜಯಚಾಮರಾಜರು ಕರ್ನಾಟಕ ಸಂಗೀತದ ಸೂಕ್ಷ್ಮಗಳನ್ನು ಅರಿತರು. ವೈಣಿಕ ವೆಂಕಟಗಿರಿಯಪ್ಪನವರಿಂದ ವೀಣೆ ಕಲಿತರು. ಇದು ಸಣ್ಣ ಬದಲಾವಣೆಯಲ್ಲ. ಪಿಯಾನೋದ ಸ್ವರಗಳು ಒಂದೊಂದೂ ತನ್ನ ಮನೆಯಲ್ಲಿ ಕದಲದೆ ನಿಂತಿರುತ್ತವೆ. ಒಂದರಿಂದ ಇನ್ನೊಂದಕ್ಕೆ ಜಾರುವಂತಿಲ್ಲ. ವೀಣೆಯಲ್ಲಿ ಮೆಟ್ಟಿಲ ಮೇಲೆ ತಂತಿಯನ್ನು ಓರೆಯಾಗಿ ಎಳೆದು ಸ್ವರವನ್ನು ತೂಗಬಹುದು, ಬಾಗಿಸಬಹುದು. ಗಮಕವೇ ನಮ್ಮ ರಾಗಗಳ ಉಸಿರು. ಒಂದು ವಾದ್ಯದಲ್ಲಿ ಹಲವು ಸ್ವರಗಳು ಏಕಕಾಲದಲ್ಲಿ ಕೂಡಿ ನುಡಿಯುವ ಸೊಗಸು. ಇನ್ನೊಂದರಲ್ಲಿ ಒಂದೇ ಸ್ವರದ ಒಳಗೆ ಇಳಿಯುವ ಸೊಗಸು. ಎರಡನ್ನೂ ಅಂತರಂಗದಿಂದ ಬಲ್ಲವರು ಆ ಕಾಲದಲ್ಲಿ ಎಷ್ಟು ಮಂದಿ ಇದ್ದಾರು?

ದೇವಿಯ ಉಪಾಸನೆಯ ಶ್ರೀವಿದ್ಯಾ ಮಾರ್ಗದಲ್ಲಿ ಅವರು ದೀಕ್ಷೆ ಪಡೆದರು. ಸಂಸ್ಕೃತದಲ್ಲಿ ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿ, ಶ್ರೀವಿದ್ಯಾ ಎಂಬ ಅಂಕಿತವಿಟ್ಟರು. ಮುತ್ತುಸ್ವಾಮಿ ದೀಕ್ಷಿತರ ಹಾದಿಯನ್ನು ನೆನಪಿಗೆ ತರುವ ಗಂಭೀರ ನಡಿಗೆ ಇವುಗಳದು. ಅನೇಕ ಕೃತಿಗಳಲ್ಲಿ ರಾಗದ ಹೆಸರು ಸಾಹಿತ್ಯದೊಳಗೇ ಹುದುಗಿರುತ್ತದೆ. ಅಪರೂಪದ ರಾಗಗಳನ್ನು ಅವರು ಹಿಂಜರಿಯದೆ ಎತ್ತಿಕೊಂಡರು. ಗಂಭೀರನಾಟದಲ್ಲಿಯೂ ಅಠಾಣದಲ್ಲಿಯೂ ಅವರು ಕಟ್ಟಿದ ಕೃತಿಗಳು ಕಚೇರಿಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತವೆ. ಹಾಡುವವರು ಬೇರೆ, ನುಡಿಸುವವರು ಬೇರೆ. ರಚಿಸಿದವರು ಮಾತ್ರ ವೇದಿಕೆಯ ಮೇಲಿಲ್ಲ.

ಇತ್ತ ನಾಡು ಬದಲಾಗುತ್ತಿತ್ತು. 1947ರ ಆಗಸ್ಟಿನಲ್ಲಿ ಅವರು ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಮೈಸೂರು ಚಲೋ ಚಳವಳಿಯ ಬಳಿಕ ಅಕ್ಟೋಬರಿನಲ್ಲಿ ಕೆ. ಚೆಂಗಲರಾಯ ರೆಡ್ಡಿಯವರ ನೇತೃತ್ವದ ಜನಪ್ರತಿನಿಧಿ ಸರ್ಕಾರ ಬಂದಿತು. 1950ರಿಂದ ಜಯಚಾಮರಾಜರು ರಾಜಪ್ರಮುಖರು. 1956ರ ನವೆಂಬರ್ 1ರಿಂದ ವಿಶಾಲ ಮೈಸೂರು ರಾಜ್ಯದ ರಾಜ್ಯಪಾಲರು. ಅಲ್ಲಿಯವರೆಗೆ ಮುಂಬಯಿ ರಾಜ್ಯದಲ್ಲಿದ್ದ ಉತ್ತರ ಕನ್ನಡ ಜಿಲ್ಲೆ ಅಂದೇ ಹೊಸ ರಾಜ್ಯಕ್ಕೆ ಸೇರಿತು. ಹೀಗೆ ಶಿರಸಿ ಸೀಮೆಯ ಎಕ್ಕಂಬಿಯಂಥ ಕಾಡುನಾಡಿನ ಹಳ್ಳಿಗಳೂ, ಒಡೆಯರ ಆಳ್ವಿಕೆಯನ್ನು ಎಂದೂ ಕಂಡಿರದಿದ್ದರೂ, ಅವರನ್ನು ತಮ್ಮ ರಾಜ್ಯದ ಮೊದಲ ರಾಜ್ಯಪಾಲರೆಂದು ಕರೆಯುವಂತಾಯಿತು. ಕಿರೀಟ ಕಳಚಿದ ಮೇಲೂ ಅದೇ ನಾಡಿನ ಸೇವೆಗೆ ಸಂವಿಧಾನದ ಚೌಕಟ್ಟಿನೊಳಗೆ ನಿಂತ ಅರಸರು ವಿರಳ. 1964ರಲ್ಲಿ ಮದರಾಸಿನ ರಾಜ್ಯಪಾಲರಾಗಿ ಹೋಗಿ 1966ರವರೆಗೆ ಅಲ್ಲಿದ್ದರು. ಅದೇ ವರ್ಷ ಸಂಗೀತ ನಾಟಕ ಅಕಾಡೆಮಿ ಅವರನ್ನು ತನ್ನ ಫೆಲೋ ಆಗಿ ಆರಿಸಿ ಗೌರವಿಸಿತು. ಅರಸು ಪದವಿ ಹುಟ್ಟಿನಿಂದ ಬಂದುದು. ಈ ಮನ್ನಣೆ ಹಾಗೆ ಬಂದುದಲ್ಲ.

ಜಯಚಾಮರಾಜ ಒಡೆಯರು 1974ರ ಸೆಪ್ಟೆಂಬರ್ 23ರಂದು ಬೆಂಗಳೂರಿನ ಅರಮನೆಯಲ್ಲಿ ನಿಧನರಾದರು. ಆಗ ಅವರಿಗೆ ಐವತ್ತೈದು ವರ್ಷ. ಮೆಡ್ನರ್ ನುಡಿಸಿದ ಆ ಧ್ವನಿಮುದ್ರಿಕೆಗಳು ಮುಂದೆ ಕಾಂಪ್ಯಾಕ್ಟ್ ಡಿಸ್ಕುಗಳಾಗಿ ಮತ್ತೆ ಹೊರಬಂದವು. ಬಾಲ್ಯದಲ್ಲಿ ಅಣ್ಣನಂತೆಯೇ ಪಿಯಾನೋ ಕಲಿತ ವಿಜಯಾದೇವಿಯವರಿಗೆ ಪಟ್ಟದ ಹೊರೆಯಿರಲಿಲ್ಲ. ಅವರು ನ್ಯೂಯಾರ್ಕಿನಲ್ಲಿ ಎಡ್ವರ್ಡ್ ಸ್ಟೊಯರ್ಮನ್ ಅವರ ಶಿಷ್ಯೆಯಾಗಿ ಅಭ್ಯಾಸ ಮುಂದುವರಿಸಿದರು. ಅಣ್ಣ ತೀರಿಕೊಂಡ ಆ 1974ನೆಯ ವರ್ಷವೇ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಂಗೀತ ಮತ್ತು ಕಲಾ ಸಂಘವನ್ನು ಸ್ಥಾಪಿಸಿ, ದೇಶವಿದೇಶಗಳ ಕಲಾವಿದರನ್ನು ಕರೆಸಿ ಕಚೇರಿಗಳನ್ನು ನಡೆಸಿದರು.