ಸಿಕ್ಕ ಸಪ್ಪಳದಲ್ಲೇ ಸಂಗೀತ ಕಟ್ಟಿದ ಬಿ.ವಿ. ಕಾರಂತರು



ನಮ್ಮ ಸಾಂಗಲಿಗೂ ಕನ್ನಡ ಕರಾವಳಿಗೂ ನಾಟಕದ ನಂಟು ಹಳೆಯದು. ಹೊನ್ನಾವರ ಬಳಿಯ ಕರ್ಕಿಯ ಭಾಗವತರ ಮೇಳ ಸಾಂಗಲಿಯಲ್ಲಿ ಯಕ್ಷಗಾನ ಆಡಿತು. ಅದರ ಪ್ರೇರಣೆಯಿಂದ ವಿಷ್ಣುದಾಸ ಭಾವೆಯವರು 1843ರಲ್ಲಿ ಮೊದಲ ಮರಾಠಿ ನಾಟಕ ಆಡಿಸಿದರು. ಅದೇ ಕರಾವಳಿಯ ಇನ್ನೊಬ್ಬ ರಂಗಕರ್ಮಿಯ ಪರಿಚಯವನ್ನು ಈ ತಿಂಗಳು ಮಾಡಿಕೊಡುತ್ತಿದ್ದೇವೆ.

ಬಾಬುಕೋಡಿ ವೆಂಕಟರಮಣ ಕಾರಂತರು 1929ರಲ್ಲಿ ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ ಹುಟ್ಟಿದರು. ಹುಡುಗನಿದ್ದಾಗಲೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿ ಸೇರಿದರು. ವೀರಣ್ಣನವರೇ ಅವರನ್ನು ಮುಂದೆ ಕಾಶಿಗೆ ಓದಲು ಕಳಿಸಿದರು. ಅಲ್ಲಿ ಎಂ.ಎ. ಮಾಡುತ್ತ ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತರು. 1962ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಪದವಿ ಪಡೆದರು.

ಇಷ್ಟು ಶಾಸ್ತ್ರೀಯ ಪಾಠವಾದವರು ವಾದ್ಯಗಳಿಗೇ ಅಂಟಿಕೊಳ್ಳಲಿಲ್ಲ. ಕಲ್ಲು, ಕೋಲು, ತಗಡಿನ ಡಬ್ಬಿ, ಮುದುಡಿದ ಕಾಗದ, ನಟರ ಉಸಿರು, ಕೂಗು, ಹೀಗೆ ಸಿಕ್ಕಿದ್ದೆಲ್ಲ ಅವರ ನಾಟಕದಲ್ಲಿ ವಾದ್ಯವಾಯಿತು. ಹಾಡಿಗೆ ಪಕ್ಕವಾದ್ಯ ಒದಗಿಸುವುದಷ್ಟೇ ಅವುಗಳ ಕೆಲಸವಾಗಿರಲಿಲ್ಲ. ಕಾಡು, ಮಳೆ, ಭಯ ಇವೆಲ್ಲ ರಂಗದ ಮೇಲೆ ಬರುತ್ತಿದ್ದದ್ದು ಆ ಸಪ್ಪಳಗಳಿಂದ. ಪ್ಯಾರಿಸ್‌ನ ಪಿಯೆರ್ ಶೆಫರ್ 1948ರಲ್ಲಿ ರೈಲಿನ ಸದ್ದನ್ನು ಮುದ್ರಿಸಿ, ಜೋಡಿಸಿ ಸಂಗೀತ ಮಾಡಿದ್ದರು. ಅವರ ಕೈಯಲ್ಲಿ ರೇಡಿಯೋ ಕೇಂದ್ರದ ಯಂತ್ರಗಳಿದ್ದವು. ಕಾರಂತರು ಅಂಥ ಕೆಲಸವನ್ನು ಪ್ರೇಕ್ಷಕರ ಎದುರಿಗೇ, ನಟರ ಕೈಯಿಂದ, ಬಾಯಿಂದ ಮಾಡಿಸಿದರು.

ಅವರು ನಿರ್ದೇಶಿಸಿದ 'ಚೋಮನ ದುಡಿ' 1975ರ ಸ್ವರ್ಣ ಕಮಲ ಪಡೆಯಿತು. ಅದರಲ್ಲಿ ಚೋಮನ ಸಂಕಟ ಮಾತಿಗಿಂತ ದುಡಿಯ ಬಡಿತದಲ್ಲೇ ಹೆಚ್ಚು ಕೇಳುತ್ತದೆ. 'ಋಷ್ಯಶೃಂಗ' ಮತ್ತು 'ಘಟಶ್ರಾದ್ಧ' ಚಿತ್ರಗಳ ಸಂಗೀತಕ್ಕೆ ಸತತ ಎರಡು ವರ್ಷ ರಾಷ್ಟ್ರಪ್ರಶಸ್ತಿ ಬಂತು. ಬಂಗಾಳದ ಮೃಣಾಲ್ ಸೇನರ ಚಿತ್ರಗಳಿಗೂ ಸಂಗೀತ ಕೊಟ್ಟರು. ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, ಭೋಪಾಲದ ಭಾರತ ಭವನದ ರಂಗಮಂಡಲದಲ್ಲಿ, 1989ರಿಂದ ಮೈಸೂರಿನ ರಂಗಾಯಣದಲ್ಲಿ ನೂರಾರು ನಟರನ್ನು ತಯಾರು ಮಾಡಿದರು. ಮಕ್ಕಳಿಗಾಗಿ 'ಪಂಜರ ಶಾಲೆ' ಆಡಿಸಿದರು. 2002ರ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಇದನ್ನು ಈಗ ಬರೆಯಲು ಕಾರಣವಿದೆ. ಹಾರ್ಮೋನಿಯಂ ಇಲ್ಲ, ತಬಲಾದವರು ಸಿಗುವುದಿಲ್ಲ, ಹಣವೂ ಸಾಲದು, ಆದ್ದರಿಂದ ರಾಜ್ಯೋತ್ಸವಕ್ಕೆ ಮಕ್ಕಳ ನಾಟಕ ಕೈಬಿಡೋಣ ಎಂಬ ಮಾತು ನಮ್ಮ ಸಭೆಯಲ್ಲಿ ಬಂದಿದೆ. ನಮ್ಮ ಮಕ್ಕಳಲ್ಲಿ ಅನೇಕರು ಮರಾಠಿ ಶಾಲೆಗೆ ಹೋಗುವವರು. ಅವರಿಗೆ ಕನ್ನಡ ಅಕ್ಷರ ಬಾರದು, ಕಿವಿಯಿಂದ ಕಲಿತ ಕನ್ನಡ ಮಾತ್ರ ಇದೆ. ನಾಟಕ ನಿಂತರೆ ನಾಲ್ಕು ಜನರೆದುರು ಅದನ್ನು ಆಡುವ ಒಂದು ಅವಕಾಶವೂ ಹೋಗುತ್ತದೆ. ಕುಪವಾಡ ಎಂಐಡಿಸಿಯಲ್ಲಿ ಖಾಲಿ ಡಬ್ಬಿ, ತಗಡು, ಪೈಪು, ಸ್ಪ್ರಿಂಗುಗಳಿಗೆ ಬರವಿಲ್ಲ. ಗುಜರಿಗೆ ಹೋಗುವಂಥದ್ದನ್ನು ಮಾಲೀಕರ ಒಪ್ಪಿಗೆ ಪಡೆದು, ಚೂಪು ಅಂಚು ತೆಗೆಸಿ ತಂದುಕೊಡಿ. ತಾಲೀಮಿಗೆ ಮಕ್ಕಳನ್ನೂ ಕಳಿಸಿಕೊಡಿ. ನಾಟಕ ಆಡಿಸೋಣ.


ಕಾರ್ಯದರ್ಶಿ