ನಷ್ಟಕ್ಕೆ ಹೆದರದ ಸರ್ ಎಂ.ವಿ.

ನಮ್ಮ ಯಲಹಂಕದಿಂದ ದೇವನಹಳ್ಳಿ ದಾಟಿ ಹೋದರೆ ಮುದ್ದೇನಹಳ್ಳಿ. ಅಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಆಗ ದುಡ್ಡಿದ್ದವರು ಬಡ್ಡಿ, ವ್ಯಾಪಾರ ಬಿಟ್ಟು ಕಾರ್ಖಾನೆಗೆ ಕೈಹಾಕೋದು ಕಮ್ಮಿ. ಅದಕ್ಕೇ ಅವರು 1913ರಲ್ಲಿ ಮೈಸೂರು ಬ್ಯಾಂಕ್ ಶುರುಮಾಡಿಸಿ, ಗಂಧದೆಣ್ಣೆ, ಸಾಬೂನು, ಭದ್ರಾವತಿ ಕಬ್ಬಿಣದ ಕೆಲಸಗಳಿಗೆ ಸರ್ಕಾರದಿಂದಲೇ ದಾರಿ ಮಾಡಿದರು. ಸರ್ಕಾರವೇ ಕಾರ್ಖಾನೆ ನಡೆಸಿದರೆ ಉದ್ಯಮಿಗಳು ಬೆಳೆಯುತ್ತಾರೆಯೇ ಎಂಬ ವಾದ ಅಂದೂ ಇತ್ತು, ಇಂದೂ ಇದೆ. 1923ರಲ್ಲಿ ಶುರುವಾದ ಭದ್ರಾವತಿ ಕಾರ್ಖಾನೆ ನಷ್ಟ ಕಂಡಾಗ, ನಿವೃತ್ತರಾಗಿದ್ದ ಅವರೇ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಖರ್ಚು ಬಿಗಿಮಾಡಿ ಅದನ್ನು ದಡ ಸೇರಿಸಿದರು. 1962ರಲ್ಲಿ, ನೂರು ದಾಟಿದ ಮೇಲೆ, ಕಾಲವಾದರು.

ನಮ್ಮ ಸಂಘದಲ್ಲಿ ಷೇರು ಕಟ್ಟಿದವರೂ ನಾವೇ, ಸಾಲ ತಗೊಂಡವರೂ ನಾವೇ. ಕಷ್ಟ ಬಂದಾಗ ಹಿಂದೆ ಸರಿಯೋದು ಬೇಡ. ಹೊಣೆ ಹೊತ್ತವನೇ ನಿಜವಾದ ಉದ್ಯಮಿ.